ಪದಚರ್ಚೆ: ರಸ್ತೆ ಸಾಮಗ್ರಿ ನೋಡುವ ಪೋರ್ಟಬಲ್ ಸ್ಪೆಕ್ಟ್ರೋಸ್ಕೋಪಿಗೆ ಕನ್ನಡ ಪದ ಬೇಕು, ಸೋಮವಾರದೊಳಗೆ

ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಆಗುಂಬೆ ಕಡೆಯ ಒಂದು ರಸ್ತೆ ಕಾಮಗಾರಿಯಲ್ಲಿ ಸಾಮಗ್ರಿಯನ್ನು ಸ್ಥಳದಲ್ಲೇ ಯಂತ್ರ ಇಟ್ಟು ನೋಡುತ್ತಾರೆ. ಪಂಚಾಯಿತಿ ಸದಸ್ಯರಿಗೆ, ಊರಿನವರಿಗೆ ಹಂಚುವ ಕರಪತ್ರವನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ರಸ್ತೆ ಬದಿಗೆ ಒಂದು ಬೋರ್ಡು. ಪೇಂಟರ್ ಸೋಮವಾರ ಬರುತ್ತಾರೆ.

ಯಂತ್ರ ಎರಡು. ಒಂದು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್. ಅದು ವಸ್ತುವಿನ ಮೇಲೆ ಎಕ್ಸ್‌ರೇ ಬಿಡುತ್ತದೆ. ಆಗ ಒಂದೊಂದು ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇ ಹೊರಹಾಕುತ್ತದೆ. ಅದನ್ನು ಓದಿ ಕ್ಯಾಲ್ಸಿಯಂ ಎಷ್ಟಿದೆ, ಕಬ್ಬಿಣ ಎಷ್ಟಿದೆ ಎಂದು ಹೇಳುತ್ತದೆ. ಇನ್ನೊಂದು ಇನ್‌ಫ್ರಾರೆಡ್ ಯಂತ್ರ, ಎಫ್‌ಟಿಐಆರ್. ವಸ್ತು ಯಾವ ಇನ್‌ಫ್ರಾರೆಡ್ ಕಿರಣ ಹೀರುತ್ತದೆ ಎಂದು ನೋಡುತ್ತದೆ. ಅದಕ್ಕೆ ಡಾಂಬರು ಒಂದು ಚೂರು ಸಾಕು. ಪಾಲಿಮರ್ ಬೆರೆಸಿದ್ದಾರೋ ಇಲ್ಲವೋ ತಿಳಿಯುತ್ತದೆ. ಎರಡಕ್ಕೂ ಸೇರಿ ಒಂದು ಹೆಸರು ಕೊಡಿ. 'ಸಾಗಿಸಬಹುದಾದ ವರ್ಣಪಟಲ ವೀಕ್ಷಣೆ' ಎಂದು ಬರೆದು ಊರಿನವರಿಗೆ ತೋರಿಸಿದೆ. ಯಾರಿಗೂ ಅರ್ಥ ಆಗಲಿಲ್ಲ.

ಸಾಗರದಿಂದ:

ಪದ ಇದೆಯಲ್ಲ. ರೋಹಿತ. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಸ್ಪೆಕ್ಟ್ರಮ್‌ಗೆ ಇರುವುದೇ ಅದು. ಅಮರಕೋಶ ತೆಗೆದು ನೋಡಿ. ಇಂದ್ರಾಯುಧ, ಶಕ್ರಧನು ಹೇಳಿದ ಮೇಲೆ 'ಋಜು ರೋಹಿತಂ' ಎಂದು ಬರುತ್ತದೆ. ಬಾಗದೆ ನೆಟ್ಟಗೆ ಕಾಣುವ ಕಾಮನಬಿಲ್ಲಿಗೆ ಆ ಹೆಸರು. ಬೆಳಕು ಪಟ್ಟಿಯಾಗಿ ನೇರ ಬಿಚ್ಚಿಕೊಳ್ಳುವುದೇ ಸ್ಪೆಕ್ಟ್ರಮ್. ಇಷ್ಟು ಸರಿಯಾಗಿ ಕೂರುವ ಪದ ಇರುವಾಗ ವರ್ಣಪಟಲ ಯಾಕೆ ಬೇಕು? 'ಕೈ ರೋಹಿತಮಾಪಕ' ಎಂದು ಬರೆಯಿರಿ. ಚರ್ಚೆ ಬೇಕಿಲ್ಲ.

ಹೊಸನಗರದಿಂದ:

ಬೇಕು ಮಾರಾಯ್ರೆ. ಮಳೆಯಲ್ಲಿ ಕೊಡೆ ಹಿಡಿದು ಬೋರ್ಡು ಓದುವವರು ಅಮರಕೋಶ ತೆಗೆಯುವುದಿಲ್ಲ. ಕನ್ನಡದ ಬೇರಿನಿಂದ ಪದ ಕಟ್ಟಿ. ನನ್ನ ಪದ 'ಒರೆ'. ಚಿನ್ನ ಅಸಲಿಯೋ ಅಂತ ಕಲ್ಲಿಗೆ ಉಜ್ಜಿ ನೋಡುವುದಕ್ಕೆ ಒರೆ ಹಚ್ಚುವುದು ಅನ್ನುತ್ತೇವೆ. ಇಲ್ಲಿ ಕಲ್ಲಿನ ಜಾಗದಲ್ಲಿ ಬೆಳಕು. 'ಬೆಳಕೊರೆ'. ಇದು ಸುಮ್ನೆ ಹೊಂದಿಸಿದ್ದಲ್ಲ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಚಿನ್ನ ನೋಡುವುದೂ ಇದೇ ಎಕ್ಸ್‌ಆರ್‌ಎಫ್. ಒರೆಗಲ್ಲು ಮಾಡುತ್ತಿದ್ದ ಕೆಲಸವನ್ನೇ ಆ ಯಂತ್ರ ಮಾಡುತ್ತಿದೆ. ಹಳೆಯ ಹೆಸರು ಅದಕ್ಕೇ ಸಲ್ಲಬೇಕು.

ಸಾಗರದಿಂದ:

ಬೆಳಕೊರೆ ಯಾವ ನಿಘಂಟಿನಲ್ಲೂ ಇಲ್ಲ. ಎಕ್ಸ್‌ರೇ, ಇನ್‌ಫ್ರಾರೆಡ್ ಎರಡೂ ಕಣ್ಣಿಗೆ ಕಾಣುವ ಬೆಳಕಲ್ಲ. ಬಿಡಿ.

ಹೊಸನಗರದಿಂದ:

ಕಾಣದ ಬೆಳಕಿಗೆ ಕಾಮನಬಿಲ್ಲಿನ ಹೆಸರು ಆಗುತ್ತದೆ, ಬೆಳಕು ಅನ್ನುವ ಪದ ಆಗುವುದಿಲ್ಲ. ಇದ್ಯಾವ ನ್ಯಾಯ?

ಭದ್ರಾವತಿಯಿಂದ:

ಇಬ್ಬರೂ ಸ್ವಲ್ಪ ನಿಲ್ಲಿಸಿ. ಉಕ್ಕು ಎರಕ ಹೊಯ್ಯುವ ಕಡೆ ಇದನ್ನು 'ಸ್ಪೆಕ್ಟ್ರೋ' ಅನ್ನುತ್ತಾರೆ. ಸ್ಯಾಂಪಲ್ ತಣಿಸಿ ಸ್ಪೆಕ್ಟ್ರೋಗೆ ಕಳಿಸು ಅಂದರೆ ಮುಗಿಯಿತು. ಓದು ಬಾರದ ಕೆಲಸಗಾರರಿಗೂ ಅದು ಗೊತ್ತು. 'ರಸ್ತೆ' ಪಾರಸಿ ಪದ. 'ಕಾಮಗಾರಿ' ಮರಾಠಿ ಕಡೆಯಿಂದ ಬಂದದ್ದು. ಸಿಮೆಂಟಿಗೆ ಯಾರೂ ಕನ್ನಡ ಕೇಳಲಿಲ್ಲ. ಇಷ್ಟೆಲ್ಲ ಒಪ್ಪಿಕೊಂಡು ಸ್ಪೆಕ್ಟ್ರೋ ಬಂದಾಗ ಮಾತ್ರ ಬಾಗಿಲು ಹಾಕುವುದು ಯಾಕೆ? ಬೆಳಕು ಚದುರುವ ಬಗೆಯಲ್ಲಿ ಸಿ. ವಿ. ರಾಮನ್ 1928ರಲ್ಲಿ ಕಂಡದ್ದರ ಮೇಲೆ ನಡೆಯುವ ಕೈಯಂತ್ರವೂ ಇದೆ. ಅದನ್ನು ಎಲ್ಲ ದೇಶದವರೂ ರಾಮನ್ ಅಂತಲೇ ಕರೆಯುತ್ತಾರೆ. ಯಾರೂ ಅನುವಾದ ಮಾಡಲು ಹೋಗಲಿಲ್ಲ.

ಹೊಸನಗರದಿಂದ:

ರಾಮನ್ ಮನುಷ್ಯನ ಹೆಸರು. ಸ್ಪೆಕ್ಟ್ರೋ ಯಾರ ಹೆಸರು?

ಬಂದದ್ದೆಲ್ಲ ಬರಲಿ ಅನ್ನುವವರು ಜಂಬಿಟ್ಟಿಗೆ ನೋಡಿ, ನಮ್ಮ ಕೆಂಪು ಕಲ್ಲು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1807ರ ಪುಸ್ತಕದಲ್ಲಿ ಆ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ತೆಗೆದದ್ದು. ನಮ್ಮವರೂ ಅದೇ ಕಲ್ಲು ಕಡಿದು ಗೋಡೆ ಕಟ್ಟುತ್ತ ಜಂಬಿಟ್ಟಿಗೆ ಅಂದರು. ಅವನನ್ನು ಕೇಳಿ ಹೆಸರಿಡಲಿಲ್ಲ. ಕೈಗೆ ಸಿಕ್ಕಿದ್ದನ್ನು ನೋಡಿ ಹೆಸರಿಟ್ಟರು.

ಸಾಗರದಿಂದ:

ಆ 'ಇಟ್ಟಿಗೆ' ಸಂಸ್ಕೃತದ ಇಷ್ಟಕಾ.

ಹೊಸನಗರದಿಂದ:

ನಾಲಿಗೆಯಲ್ಲಿ ಸವೆದು ನಮ್ಮದಾಗಿದೆ. ನಿಮ್ಮ ರೋಹಿತವೂ ಸವೆಯಲಿ, ಆಮೇಲೆ ಮಾತಾಡೋಣ.

ಶಿವಮೊಗ್ಗದಿಂದ:

ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಇಷ್ಟು ಹೊತ್ತು ಪದದ ಹುಟ್ಟೂರು ಹುಡುಕಿದಿರಿ. ಯಂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಊರಿನವರಿಗೆ ಬೇಕಾದ್ದು ಅದೇ ಅಲ್ವಾ?

ಎಕ್ಸ್‌ಆರ್‌ಎಫ್‌ಗೆ ಕಾರ್ಬನ್, ಹೈಡ್ರೋಜನ್ ಕಾಣುವುದಿಲ್ಲ. ಡಾಂಬರು ಬಹುಪಾಲು ಅವೆರಡೇ. ಆದರೆ ಡಾಂಬರಿಗೆ ಹಳೆಯ ಎಂಜಿನ್ ಆಯಿಲಿನ ಗಸಿ ಬೆರೆಸಿದ್ದರೆ ಅದರ ಸತು, ಮಾಲಿಬ್ಡಿನಂ ಕಾಣುತ್ತದೆ. ರಸ್ತೆಯ ಬಿಳಿ ಪಟ್ಟೆಯ ಬಣ್ಣದಲ್ಲಿ ಟೈಟೇನಿಯಂ ಕಡಿಮೆ ಹಾಕಿದ್ದರೆ ಅದೂ ಸಿಗುತ್ತದೆ. ಮಂಜು ಕವಿಯುವ ಘಾಟಿಯಲ್ಲಿ ಆ ಪಟ್ಟೆ ಎಷ್ಟು ಮುಖ್ಯ ಎಂದು ನಿಮಗೆ ನಾನು ಹೇಳಬೇಕಿಲ್ಲ. ಪಾಲಿಮರ್ ನೋಡಲು ಮಾತ್ರ ಇನ್‌ಫ್ರಾರೆಡ್ಡೇ ಬೇಕು. ರಬ್ಬರಿನಂಥ ಎಸ್‌ಬಿಎಸ್ ಪಾಲಿಮರ್ ಇದ್ದರೆ ಯಂತ್ರದ ನಕ್ಷೆಯಲ್ಲಿ ಅದರದ್ದೇ ಜಾಗಗಳಲ್ಲಿ ಗೆರೆ ಏಳುತ್ತದೆ. ಒಂದು ಯಂತ್ರ ಧಾತು ನೋಡುತ್ತದೆ, ಇನ್ನೊಂದು ಅಣುವಿನ ಬಂಧ ನೋಡುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಹೆಸರು ಕೊಡುವ ಹಟ ಬಿಡಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕರಪತ್ರದಲ್ಲಿ 'ಗುಣಮಟ್ಟ ಪರೀಕ್ಷೆ' ಎಂದು ದಯವಿಟ್ಟು ಬರೆಯಬೇಡಿ. ಜಲ್ಲಿಯ ಮೇಲೆ ರೋಲರ್ ಸರಿಯಾಗಿ ಓಡಿತೇ, ಪದರ ಎಷ್ಟು ದಪ್ಪ, ಚರಂಡಿ ಇದೆಯೇ ಎಂದು ಈ ಯಂತ್ರಗಳು ಹೇಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನೀರು ನಿಂತರೆ ಜಲ್ಲಿಯಿಂದ ಡಾಂಬರು ಬಿಡುತ್ತದೆ, ಎಷ್ಟೇ ಒಳ್ಳೆಯ ಡಾಂಬರು ಇರಲಿ. ಆಗ ಊರಿನವರು ಕೇಳಿದರೆ, ಗುಣಮಟ್ಟ ಯಂತ್ರವೇ ಪಾಸ್ ಮಾಡಿದೆಯಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕೆ ನಮ್ಮ ಕನ್ನಡ ದಾರಿ ಮಾಡಿಕೊಡಬಾರದು.

ಈ ಯಂತ್ರ ಮಾಡುವುದು ತಾಳೆ ನೋಡುವ ಕೆಲಸ. ಒಪ್ಪಿದ ಮಾದರಿಯ ಗೆರೆಗಳು ಮೊದಲೇ ಅದರಲ್ಲಿ ಇರುತ್ತವೆ. ಲಾರಿಯಲ್ಲಿ ಬಂದದ್ದು ಅದಕ್ಕೆ ಹೊಂದುತ್ತದೆಯೋ ಇಲ್ಲವೋ ನೋಡುತ್ತಾರೆ. ಅಮೆರಿಕದವರು ಎಸ್‌ಎಚ್‌ಆರ್‌ಪಿ-2 ಹೆದ್ದಾರಿ ಸಂಶೋಧನೆಯಲ್ಲಿ ಇದನ್ನು ಸಾಮಗ್ರಿಯ ಬೆರಳಚ್ಚು ತೆಗೆಯುವುದು ಎಂದೇ ಕರೆದರು. ನಮ್ಮಲ್ಲಿ ಲೆಕ್ಕ, ಸಹಿ, ದಾಖಲೆ ಎಲ್ಲವನ್ನೂ ತಾಳೆ ನೋಡುತ್ತೇವೆ. 'ಎಕ್ಸ್‌ರೇ ತಾಳೆ ಯಂತ್ರ', 'ಅವಕೆಂಪು ತಾಳೆ ಯಂತ್ರ' ಎಂದು ಬರೆಯಿರಿ. ಬೋರ್ಡಿಗೆ ಕ್ಷ-ಕಿರಣ ಬೇಡ. ಕೈ ಮುರಿದವರು ತೆಗೆಸುವುದು ಎಕ್ಸ್‌ರೇ. ಅಪಾಯದ ಮಾತು ಮೊದಲ ಓದಿಗೇ ತಿಳಿಯಬೇಕು.

ಹೊಸನಗರದಿಂದ:

ತಾಳೆ ಒಪ್ಪಿದೆ ಮೇಡಂ. ಒರೆ ಬಿಟ್ಟುಕೊಟ್ಟಿಲ್ಲ. ಅವಕೆಂಪು ಮಾತ್ರ ಅರ್ಧ ಸಂಸ್ಕೃತ.

ಸಾಗರದಿಂದ:

ಅರ್ಧ ಆದರೂ ಇರಲಿ. ತಾಳೆಗೆ ನನ್ನ ತಕರಾರು ಇಲ್ಲ, ಕೆಲಸ ಹೇಳುವ ಪದ ಅದು. ಕರಪತ್ರದ ಒಳಗೆ ಒಂದು ಸಲವಾದರೂ 'ರೋಹಿತ' ಬರಲಿ. ಹೈಸ್ಕೂಲಿನ ಮಕ್ಕಳು ಅದನ್ನು ಓದುತ್ತಾರೆ. ಪಾಠದ ಪದ ರಸ್ತೆಯಲ್ಲಿ ಸಿಕ್ಕರೆ ಅದು ಬದುಕುತ್ತದೆ. ಇನ್ನು 'ಡಾಂಬರು'. ಹಿಂದೆ ಅದು ಕಲ್ಲಿದ್ದಲಿನ ಟಾರು. ಈಗ ಹಾಕುವುದು ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ತಾಂತ್ರಿಕ ಕರಪತ್ರದಲ್ಲಿ ಎರಡನ್ನೂ ಬೆರೆಸುವುದು ತಪ್ಪು.

ಭದ್ರಾವತಿಯಿಂದ:

ಮಲಯ ಭಾಷೆಯಲ್ಲಿ ದಮರ್ ಅಂದರೆ ಮರದ ರಾಳ. ಹಿಂದಿಯಲ್ಲಿ ಡಾಮರ್, ಮರಾಠಿಯಲ್ಲಿ ಡಾಂಬರ್. ನಮ್ಮ ಕಾಡಿನ ಧೂಪದ ಮರದ ಅಂಟನ್ನೂ ಇಂಗ್ಲಿಷರು ಡಾಮರ್ ಎಂದೇ ಕರೆದರು. ಮರದ ಅಂಟು, ಕಲ್ಲಿದ್ದಲಿನ ಅಂಟು, ಪೆಟ್ರೋಲಿಯಂ ಅಂಟು, ಎಲ್ಲವನ್ನೂ ಹೊತ್ತ ಪದಕ್ಕೆ ಬಿಟುಮೆನ್ ಭಾರ ಆಗುವುದಿಲ್ಲ.

ಸಾಗರದಿಂದ:

ಇದಕ್ಕೆ ಬೇರೆ ಚರ್ಚೆ ತೆರೆಯಿರಿ. ಉತ್ತರ ಕೊಡುತ್ತೇನೆ.

ತೀರ್ಥಹಳ್ಳಿಯಿಂದ:

ಎಲ್ಲರಿಗೂ ಧನ್ಯವಾದ. ಶಿವಮೊಗ್ಗದ ಮೇಡಂ ಹೇಳಿದಂತೆ ಎರಡು ಹೆಸರು ಇಡುತ್ತೇನೆ. ರೋಹಿತ ಕರಪತ್ರದ ಒಳಪುಟದಲ್ಲಿ ಬರುತ್ತದೆ. 'ಗುಣಮಟ್ಟ' ತೆಗೆದಿದ್ದೇನೆ. ಡಾಂಬರು ಹಾಗೇ ಇರುತ್ತದೆ. ಬೋರ್ಡಿನ ಸಾಲು ಹೀಗಿದೆ:

'ಎಕ್ಸ್‌ರೇ ಯಂತ್ರದಿಂದ ರಸ್ತೆ ಸಾಮಗ್ರಿ ತಾಳೆ ನೋಡಲಾಗುತ್ತಿದೆ. ಹಗ್ಗ ದಾಟಬೇಡಿ.'

ಸಾಗರದಿಂದ:

ಸರಿ ಇದೆ. ಪೇಂಟರ್‌ಗೆ ಬರೆದೇ ಕೊಡಿ. ಸಾಮಗ್ರಿ. 'ಸಾಮಾಗ್ರಿ' ಅಲ್ಲ.