ಇಟಲಿಯ ‘ಮಿಸ್ಟರ್’ಗೆ ‘ಮೇಷ್ಟ್ರು’ ಅನ್ನಬಹುದೇ?

ಗೆಳೆಯರಿಗೆ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ತಲೆಯಲ್ಲೇ ಕೂತಿದೆ. ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೈಸ್ಕೂಲ್ ಮಕ್ಕಳಿಗಾಗಿ ಫುಟ್‌ಬಾಲ್ ಕೋಚ್ ವಿಲಿಯಂ ಗಾರ್ಬಟ್ ಅವರ ಬಗ್ಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೇನೆ. 1883ರಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಹತ್ತಿರದ ಹೇಝಲ್ ಗ್ರೋವ್‌ನಲ್ಲಿ ಹುಟ್ಟಿದವರು. ಮೊದಲು ಸೈನ್ಯದ ಫಿರಂಗಿ ದಳದಲ್ಲಿದ್ದರು. ಆಮೇಲೆ ರೆಡಿಂಗ್, ವುಲಿಚ್ ಆರ್ಸೆನಲ್, ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡಗಳಿಗೆ ಬಲಬದಿಯ ಅಂಚಿನಲ್ಲಿ ಆಡಿದರು. ಗಾಯದಿಂದ ಆಟ ಬೇಗ ಮುಗಿಯಿತು. 1912ರಲ್ಲಿ, ಇನ್ನೂ 29 ವರ್ಷ, ಇಟಲಿಯ ಜೆನೊವ ಊರಿಗೆ ಹೋಗಿ ಅಲ್ಲಿನ ಜೆನೊಅ ಕ್ಲಬ್ಬಿನ ಹುಡುಗರನ್ನು ತಯಾರು ಮಾಡಲು ನಿಂತರು. (ಊರಿನ ಹೆಸರು ಇಟಾಲಿಯನ್, ಕ್ಲಬ್ಬಿನ ಹೆಸರು ಇಂಗ್ಲಿಷ್. 1893ರಲ್ಲಿ ಅದನ್ನು ಕಟ್ಟಿದ್ದು ಅಲ್ಲಿದ್ದ ಇಂಗ್ಲಿಷರೇ.)

ಆಟಗಾರರು ಅವರನ್ನು ‘ಮಿಸ್ಟರ್’ ಎಂದು ಕರೆದರು. ಅದು ಅಲ್ಲೇ ಉಳಿದುಬಿಟ್ಟಿತು. ಇವತ್ತಿಗೂ ಇಟಲಿಯಲ್ಲಿ ಫುಟ್‌ಬಾಲ್ ಕೋಚ್ ಅಂದರೆ ‘ಇಲ್ ಮಿಸ್ಟರ್’. ಕೋಚ್ ಇಟಲಿಯವರೇ ಆಗಿರಲಿ, ಅರ್ಜೆಂಟೀನದವರೇ ಆಗಿರಲಿ, ಹುಡುಗರಿಗೆ ಅವರು ಮಿಸ್ಟರ್. ಈ ರೂಢಿ ಗಾರ್ಬಟ್ ಅವರಿಂದ ಬಂತು ಎಂದೇ ಅಲ್ಲಿಯವರು ಹೇಳುತ್ತಾರೆ. ಸ್ಪೇನ್‌ನಲ್ಲೂ ಈ ಮಾತಿದೆ.

ನನ್ನ ತೊಡಕು ಇಲ್ಲಿ ಶುರುವಾಗುತ್ತದೆ. ಕನ್ನಡದಲ್ಲಿ ‘ಮಿಸ್ಟರ್’ ಅಂತ ಹಾಗೇ ಬರೆದರೆ ಓದುವ ಮಗು ಏನು ಕೇಳಿಸಿಕೊಳ್ಳುತ್ತದೆ? ನಮ್ಮಲ್ಲಿ ಆ ಪದಕ್ಕೆ ಎರಡು ಜಾಗ ಇದೆ. ಒಂದು, ಬಸ್ಸಿನಲ್ಲಿ ಕಾಲು ತುಳಿದಾಗ: ‘ಏನ್ರೀ ಮಿಸ್ಟರ್, ಕಣ್ಣು ಕಾಣಲ್ವಾ?’ ಎರಡು, ಗಂಡ: ‘ನಿಮ್ಮ ಮಿಸ್ಟರ್ ಎಲ್ಲಿ ಕೆಲಸ ಮಾಡ್ತಾರೆ?’ ಎರಡರಲ್ಲೂ ಕಲಿಸುವವರ ನೆರಳು ಇಲ್ಲ. ಆಟಗಾರರ ಬಾಯಲ್ಲಿದ್ದ ಗೌರವ, ಸಲಿಗೆ ಎರಡೂ ಸೋರಿಹೋಗುತ್ತವೆ.

‘ಮ್ಯಾನೇಜರ್’ ಹಾಕೋಣ ಅಂದರೆ ಅದೂ ತಪ್ಪು ದಾರಿ ತೋರಿಸುತ್ತದೆ. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಮ್ಯಾನೇಜರ್ ಅಂದರೆ ಯಾರು ಆಡಬೇಕು, ಹೇಗೆ ಆಡಬೇಕು ಎಂದು ತೀರ್ಮಾನ ಮಾಡುವವರು. ನಮ್ಮ ಪತ್ರಿಕೆಗಳಲ್ಲಿ ಕ್ರಿಕೆಟ್‌ನಿಂದ ಬಂದ ಅರ್ಥವೇ ಬೇರೆ. ಹೋಟೆಲು, ಟಿಕೆಟ್ಟು, ಊಟ ನೋಡಿಕೊಳ್ಳುವವರು ತಂಡದ ಮ್ಯಾನೇಜರ್. ಗಾರ್ಬಟ್ ಆಡುತ್ತಿದ್ದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ಈ ಪದ ಗಟ್ಟಿಯಾಗಿ ನಿಂತಿರಲಿಲ್ಲ. ಎಷ್ಟೋ ಕ್ಲಬ್ಬುಗಳಲ್ಲಿ ತಂಡ ಆರಿಸುತ್ತಿದ್ದದ್ದು ಸಮಿತಿ, ವ್ಯವಹಾರ ನೋಡುತ್ತಿದ್ದದ್ದು ಕಾರ್ಯದರ್ಶಿ. ‘ಟ್ರೇನರ್’ ಅಂದರೆ ಮೈ ತಿಕ್ಕಿ, ಓಡಿಸಿ, ಗಾಯಕ್ಕೆ ಒದ್ದೆ ಸ್ಪಂಜು ಒತ್ತುವವನು. ಹಾಗಾಗಿ ಆ ಕಾಲದ ಟ್ರೇನರ್‌ಗೆ ‘ತರಬೇತುದಾರ’ ಎಂದು ಬರೆದರೂ ಅರ್ಧ ಸುಳ್ಳಾಗುತ್ತದೆ.

ಗಾರ್ಬಟ್ ಈ ಕೆಲಸಗಳನ್ನೆಲ್ಲ ಒಂದೇ ಕೈಗೆ ತೆಗೆದುಕೊಂಡರು. ಅಭ್ಯಾಸಕ್ಕೆ ಶಿಸ್ತು ತಂದರು. ಮೈದಾನದಲ್ಲಿ ಸಾಲಾಗಿ ಕೋಲು ನೆಟ್ಟು, ಅವುಗಳ ಸಂದಿಯಲ್ಲಿ ಚೆಂಡು ತಿರುಗಿಸಿಕೊಂಡು ಓಡಿಸುತ್ತಿದ್ದರು. ಆಟ ಮುಗಿದ ಮೇಲೆ ಹುಡುಗರಿಗೆ ಬಿಸಿನೀರಿನ ಸ್ನಾನ ಸಿಗುವ ಏರ್ಪಾಡು ಅವರದೇ ಎನ್ನುತ್ತಾರೆ. ಅವರ ಬಾಯಲ್ಲಿ ಸದಾ ಒಂದು ಪೈಪು. ಇಂಥವರಿಗೆ ‘ತರಬೇತುದಾರ’ ತೀರಾ ತೆಳ್ಳಗಿನ ಪದ, ಸರ್ಕಾರಿ ಸುತ್ತೋಲೆಯ ವಾಸನೆ ಬೇರೆ.

ಇನ್ನೊಂದು ಪದ ‘ಪ್ರೊಫೆಷನಲ್’. ಎಲ್ಲರೂ ‘ವೃತ್ತಿಪರ’ ಅನ್ನುತ್ತಾರೆ. ಆದರೆ ಈಗ ವೃತ್ತಿಪರ ಅಂದರೆ ಅಚ್ಚುಕಟ್ಟಾಗಿ ಕೆಲಸ ಮಾಡುವವನು ಎಂಬ ಹೊಗಳಿಕೆಯೇ ಜಾಸ್ತಿ. ನನಗೆ ಬೇಕಿರುವುದು ಸುಮ್ನೆ ‘ಆಡಿ ಸಂಬಳ ತೆಗೆದುಕೊಳ್ಳುವವನು’ ಎಂಬ ಅರ್ಥ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅದನ್ನು ಒಪ್ಪಿದ್ದೇ 1885ರಲ್ಲಿ. 1901ರಿಂದ ವಾರಕ್ಕೆ 4 ಪೌಂಡ್ ಮೀರಿ ಕೊಡಬಾರದು ಎಂಬ ಮಿತಿಯೂ ಬಂತು. ಗಾರ್ಬಟ್ ಆಡಿದ್ದು ಆ ಮಿತಿಯ ಕೆಳಗೆ. ಅವರು ಇಟಲಿಗೆ ಹೋದಾಗ ಅಲ್ಲಿ ಆಟಗಾರನಿಗೆ ದುಡ್ಡು ಕೊಡುವುದೇ ನಿಷಿದ್ಧ, ಕೊಟ್ಟರೆ ಗುಟ್ಟಾಗಿ ಕೊಡಬೇಕು. ಈ ವ್ಯತ್ಯಾಸ ಹೇಳಲು ನಮ್ಮ ರಂಗಭೂಮಿಯವರು ಆಗಲೇ ದಾರಿ ಮಾಡಿಟ್ಟಿದ್ದಾರೆ: ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ. ಹಾಗೇ ‘ವೃತ್ತಿ ಆಟಗಾರ’, ‘ಹವ್ಯಾಸಿ ಆಟಗಾರ’. ‘ಪರ’ ಬಿಟ್ಟರೆ ಅರ್ಥ ತಿಳಿಯಾಗುತ್ತದೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂಗ್ಲಿಷಿನ ‘ಮಿಸ್ಟರ್’ ಬೇರೆ ಪದವೇ ಅಲ್ಲ. ‘ಮಾಸ್ಟರ್’ ಎಂಬುದೇ ಹೆಸರಿನ ಮುಂದೆ ಒತ್ತು ಕಳೆದುಕೊಂಡು ‘ಮಿಸ್ಟರ್’ ಆಗಿದ್ದು. ಅದರ ಬೇರು ಲ್ಯಾಟಿನ್ನಿನ ‘ಮಗಿಸ್ತೆರ್’. ಇಟಾಲಿಯನ್ನಿನ ‘ಮಾಯೆಸ್ತ್ರೊ’, ಪೋರ್ಚುಗೀಸಿನ ‘ಮೆಸ್ತ್ರೆ’ ಎರಡೂ ಅದೇ ಬೇರಿನವು. ಆ ‘ಮೆಸ್ತ್ರೆ’ಯಿಂದಲೇ ನಮ್ಮ ಗಾರೆ ಕೆಲಸದ ‘ಮೇಸ್ತ್ರಿ’. ನಮ್ಮ ‘ಮೇಷ್ಟ್ರು’ ಇಂಗ್ಲಿಷಿನ ಮಾಸ್ಟರ್‌ನಿಂದ ಬಂದಿರಲಿ, ಪೋರ್ಚುಗೀಸಿನಿಂದ ಬಂದಿರಲಿ, ಮನೆತನ ಒಂದೇ. ಜೆನೊವದ ಹುಡುಗರು ಬಾಯಿಬಿಟ್ಟು ಕರೆದ ಪದ ನಮ್ಮ ಪ್ರತಿ ಹಳ್ಳಿಯ ಶಾಲೆಯಲ್ಲೂ ಇದೆ! ಇದು ಹೊಳೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬಳಕೆಯೂ ಹೊಂದುತ್ತದೆ ನೋಡಿ. ಇಂಗ್ಲಿಷಿನಲ್ಲಿ ಮಿಸ್ಟರ್ ಜೊತೆಗೆ ಹೆಸರು ಬೇಕು. ಇಟಲಿಯಲ್ಲಿ ಹೆಸರು ಬೇಡ, ‘ಮಿಸ್ಟರ್ ಬಂದರು’ ಅಷ್ಟೇ. ನಮ್ಮಲ್ಲೂ ‘ಮೇಷ್ಟ್ರು ಬಂದರು’ ಅಂದರೆ ಯಾರು ಅಂತ ಯಾರೂ ಕೇಳುವುದಿಲ್ಲ. ನಮ್ಮ ಹೈಸ್ಕೂಲಿನ ಪೀಟಿ ಮೇಷ್ಟ್ರ ಹೆಸರು ಎಷ್ಟೋ ವರ್ಷ ನನಗೆ ಗೊತ್ತೇ ಇರಲಿಲ್ಲ. ಸಂಜೆ ನಾಲ್ಕೂವರೆಗೆ ಅವರು ಮೆಟ್ಟಿಲ ಮೇಲೆ ಕೂತು, ಎರಡು ಮೊಣಕಾಲ ನಡುವೆ ಚರ್ಮದ ಚೆಂಡು ಹಿಡಿದು, ಬ್ಲಾಡರ್ ಒಳಗೆ ತುರುಕಿ ಪಂಪು ಹೊಡೆಯುತ್ತಿದ್ದರು. ಲೇಸು ಬಿಗಿದು, ಗಂಟು ಒಳಕ್ಕೆ ತಳ್ಳಿ, ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಗಂಟು ಮೇಲಿದ್ದರೆ ತಲೆ ಕೊಟ್ಟವನ ಹಣೆ ಕಿತ್ತುಹೋಗುತ್ತದೆ ಅಂತ. ಗಾರ್ಬಟ್ ಕಾಲದ ಚೆಂಡಿಗೂ ಅಂಥದ್ದೇ ಲೇಸು ಇತ್ತು.

ಬೇರೆ ಪದಗಳನ್ನೂ ತೂಗಿ ನೋಡಿದೆ. ಗರಡಿಯ ‘ಉಸ್ತಾದ್’ ಬಹಳ ಹತ್ತಿರದ್ದು, ಆದರೆ ಕೂಡಲೇ ಕೆಮ್ಮಣ್ಣಿನ ಅಖಾಡ ಕಣ್ಣಿಗೆ ಬರುತ್ತದೆ. ‘ಗುರುಗಳು’ ಅಂದರೆ ಕಾಲಿಗೆ ಬೀಳಬೇಕಾಗುತ್ತದೆ. ಇಟಾಲಿಯನ್ನಿನಲ್ಲಿ ಬರಹಕ್ಕೆ ‘ಅಲ್ಲೆನತೋರೆ’ ಎಂಬ ಸ್ವಂತ ಪದ ಇದೆ. ಉಸಿರು, ದಮ್ಮು ಎಂಬ ಅರ್ಥದ ‘ಲೇನ’ದಿಂದ ಆಗಿದ್ದು. ದಮ್ಮು ತುಂಬುವವನು! ಪದ ಚೆನ್ನಾಗಿದೆ, ಆದರೂ ಮೈದಾನದಲ್ಲಿ ಗೆದ್ದದ್ದು ಮಿಸ್ಟರ್. ಮುಸೊಲಿನಿಯ ಆಡಳಿತ ಇಂಗ್ಲಿಷ್ ಹೆಸರುಗಳನ್ನು ಅಳಿಸಲು ಹೊರಟು, 1928ರಲ್ಲಿ ಜೆನೊಅ ಕ್ಲಬ್ಬಿನ ಹೆಸರನ್ನೇ ‘ಜೆನೊವ 1893’ ಎಂದು ಬದಲಿಸಿತು. ಹುಡುಗರ ಬಾಯಿಂದ ಮಿಸ್ಟರ್ ಹೋಗಲಿಲ್ಲ.

ಬದುಕಿನ ಉಳಿದ ಭಾಗ ಬೇಗ ಹೇಳುತ್ತೇನೆ, ವಾಕ್ಯಗಳಲ್ಲಿ ಪದ ಕೂರುತ್ತದೋ ನೋಡಲು ನಿಮಗೆ ಬೇಕಾಗುತ್ತದೆ. ಜೆನೊಅ 1923, 1924ರಲ್ಲಿ ಇಟಲಿಯ ಚಾಂಪಿಯನ್ ಆಯಿತು. ಯುದ್ಧದಿಂದ ನಿಂತುಹೋದ 1915ರ ಪಟ್ಟವೂ ಆಮೇಲೆ ಅದಕ್ಕೇ ಸಿಕ್ಕಿತು. 1927ರಲ್ಲಿ ಗಾರ್ಬಟ್ ಹೊಸದಾಗಿ ಹುಟ್ಟಿದ ರೋಮಾ ಕ್ಲಬ್ಬಿಗೆ ಹೋದರು, ನಂತರ ನಾಪೋಲಿ. 1936ರಲ್ಲಿ ಸ್ಪೇನ್‌ನ ಅಥ್ಲೆಟಿಕ್ ಬಿಲ್ಬಾವೊ ತಂಡಕ್ಕೆ ಲೀಗ್ ಗೆದ್ದುಕೊಟ್ಟರು. ಸ್ವಲ್ಪ ಕಾಲ ಮಿಲಾನ್, ಮತ್ತೆ ಜೆನೊಅ. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಅವರು ಒಂದೇ ದಿನದಲ್ಲಿ ಶತ್ರುದೇಶದ ಪ್ರಜೆಯಾದರು. 1944ರಲ್ಲಿ ಹೆಂಡತಿ ಆನ್ನಾ ಬಾಂಬ್ ದಾಳಿಗೆ ಸಿಕ್ಕಿ ತೀರಿಕೊಂಡರು. ಇಷ್ಟಾದ ಮೇಲೂ 1946ರಲ್ಲಿ ಜೆನೊಅ ಕ್ಲಬ್ಬಿಗೆ ಮರಳಿ ಎರಡು ವರ್ಷ ಕಲಿಸಿದರು. 1964ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ನನ್ನ ಪ್ರಶ್ನೆ ಎರಡು. ‘ಮೇಷ್ಟ್ರು’ ಎಂದು ಬರೆದರೆ, ಅದು ಮೂಲದಲ್ಲಿ ಪರದೇಶಿ ಪದ ಎಂಬ ರುಚಿ ಕಳೆದುಹೋಗುತ್ತದೆಯೇ? ಮೊದಲ ಸಲ ‘ಮಿಸ್ಟರ್’ ಎಂದೇ ಹಾಕಿ, ವಿವರಿಸಿ, ಆಮೇಲೆ ‘ಮೇಷ್ಟ್ರು’ ಎಂದು ಮುಂದುವರಿಸಿದರೆ ಸರಿಯೇ?

ಎರಡನೆಯದು ಉತ್ತರ ಕರ್ನಾಟಕದವರಿಗೆ. ನಿಮ್ಮಲ್ಲಿ ‘ಮಾಸ್ತರ’. ಊರ ನಾಟಕ ಕಲಿಸಲು ಹೊರಗಿನಿಂದ ಬಂದು, ಸಂಬಳ ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಊರಲ್ಲೇ ಉಳಿಯುವ ಪೇಟಿ (ಹಾರ್ಮೋನಿಯಂ) ಮಾಸ್ತರರು ಇರುತ್ತಾರಲ್ಲ, ಗಾರ್ಬಟ್ ಅವರ ಸ್ಥಾನ ನನಗೆ ಹಾಗೇ ಕಾಣುತ್ತದೆ. ಆಟಗಾರರ ಗುಂಪಿಗೂ ‘ಮಾಸ್ತರ’ ಒಪ್ಪುತ್ತದೆಯೇ, ಅಥವಾ ಅದು ಬರೀ ಶಾಲೆ ಮತ್ತು ಪೇಟಿಗೆ ಸೇರಿದ್ದೇ?

1946ರ ಭಾಗದಲ್ಲಿ ನಾನು ಬರೆದಿಟ್ಟ ವಾಕ್ಯ ಇದು: ‘ಯುದ್ಧ ಮುಗಿಯಿತು, ಮೇಷ್ಟ್ರು ಮತ್ತೆ ಮೈದಾನಕ್ಕೆ ಬಂದರು.’ ಓದಿ ಹೇಳಿ.