ಅಪ್‌ಡೇಟ್: ಫಸ್ಟ್ ಸೆಮ್‌ನಲ್ಲಿ ಮುಗ್ಗರಿಸಿದ ಮೇಲೆ

ಜನವರಿಯಲ್ಲಿ ಕೇಳಿದ್ದೆ, ನೆನಪಿದೆಯಾ? ಬಿಎಸ್ಸಿ ಮೊದಲ ಸೆಮ್‌ನಲ್ಲಿ ಕೆಮಿಸ್ಟ್ರಿ ಹೇಗೋ ಪಾಸಾಗಿದೆ ಅಷ್ಟೇ, ಇನ್ನು ಎಂಬಿಬಿಎಸ್ ಆಸೆ ಬಿಡಬೇಕಾ ಅಂತ.

ಬಿಟ್ಟಿಲ್ಲ. ಸೀಟು ಸಿಗುವುದು ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ರ್‍ಯಾಂಕ್ ಮೇಲೆ, ಡಿಗ್ರಿ ಅಂಕ ಅಲ್ಲಿ ಲೆಕ್ಕಕ್ಕಿಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಜನರಲ್‌ನವರಿಗೆ ಶೇ. 50 ಬೇಕು, ನನಗಿದೆ. ನೀವೆಲ್ಲ ಇದನ್ನೇ ಹೇಳಿದ್ದಿರಿ. ನಾನು ಸುಮ್ನೆ ಮೂರು ವಾರ ಅತ್ತೆ.

ಆದರೆ ಅಂಕ ಯಾಕೆ ಹೋಯಿತು ಅಂತ ಗೊತ್ತಾಗಬೇಕಲ್ವಾ? ಉತ್ತರ ಪತ್ರಿಕೆಯ ಜೆರಾಕ್ಸ್ ಹಿಡಿದು ಕೆಮಿಸ್ಟ್ರಿ ಮೇಡಂ ಹತ್ತಿರ ಹೋದೆ. ಸ್ಟಾಫ್ ರೂಮಿನ ಬಾಗಿಲಿಂದ ಎರಡು ಸಲ ವಾಪಸ್ ಬಂದಿದ್ದೆ, ಅದು ಬೇರೆ ಕಥೆ. ಮೇಡಂ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿದರು. ಮೊಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಕರಗಿದೆ ಅನ್ನುವ) ಲೆಕ್ಕದಲ್ಲಿ 250 ಎಂಎಲ್ ಅನ್ನು 0.25 ಲೀಟರ್ ಮಾಡದೆ ಹಾಗೇ ಭಾಗಿಸಿದ್ದೆ. ಮುಂದಿನ ಪುಟದಲ್ಲೂ ಅದೇ! "ಓದಿದ್ದೀ ಮಾರಾಯ್ತಿ, ಬರೆದು ನೋಡಿಲ್ಲ" ಅಂದರು. ನಿಜ. ನಾನು ಹೈಲೈಟರ್ ಎಳೆಯುವುದನ್ನೇ ಓದು ಅಂದುಕೊಂಡಿದ್ದೆ.

ಈಗ ದಿನಾ ಹತ್ತು ಲೆಕ್ಕ, ಪುಸ್ತಕ ಮುಚ್ಚಿ. ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸಲ್ಲಿ ಸೀಟ್ ಸಿಕ್ಕಿದರೆ ಎನ್‌ಸಿಇಆರ್‌ಟಿ ಬಯಾಲಜಿ ಪಠ್ಯಪುಸ್ತಕ. ನೀಟ್‌ನ 720ರಲ್ಲಿ 360 ಅದರದ್ದೇ. ಒಂದು ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಹಾಗಾಗಿ ಕಣ್ಣು ಮುಚ್ಚಿ ಗುರುತು ಹಾಕುವ ಚಟ ಬಿಟ್ಟೆ.

ಮೊನ್ನೆ ಕೆಮಿಸ್ಟ್ರಿ ಇಂಟರ್ನಲ್‌ನಲ್ಲಿ 20ಕ್ಕೆ 15 ಬಂತು. ಅಮ್ಮ ಬಂಗುಡೆ ಹುರಿಯುತ್ತಾ "ಉಳಿದ ಐದು ಎಲ್ಲಿ?" ಅಂದರು.

ಫಿಸಿಕ್ಸ್ ಮಾತ್ರ ಇನ್ನೂ ಕೈ ಕೊಡುತ್ತಿದೆ. ರೊಟೇಶನಲ್ ಮೋಶನ್ ನೀವೆಲ್ಲ ಹೇಗೆ ಕಲಿತಿರಿ ಮಾರಾಯ್ರೆ?