ಮಳೆಗಾಲದಲ್ಲಿ ಸಕ್ಯುಲೆಂಟ್ ಎಲೆ ಕೊಳೆಯುತ್ತಿದೆ, ಮರಿ ಬರಿಸುವುದು ಹೇಗೆ?

ಸುರತ್ಕಲ್ ಬಾಲ್ಕನಿ:
ಜೂನ್ ಕೊನೆಗೆ ಘೋಸ್ಟ್ ಪ್ಲಾಂಟ್ ಮತ್ತು ಎಚೆವೇರಿಯಾ ಎಂಬ ಎರಡು ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ) ಗಿಡಗಳ ಒಟ್ಟು 20 ಎಲೆ ಕಿತ್ತು, ಅದೇ ದಿನ ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಇಟ್ಟು ದಿನಾ ನೀರು ಸ್ಪ್ರೇ ಮಾಡಿದೆ. ಎಂಟು ದಿನದಲ್ಲಿ 14 ಎಲೆ ಗಾಜಿನ ಹಾಗಾಗಿ ಕರಗಿ ಹೋದವು. ನಾಲ್ಕಕ್ಕೆ ಗುಲಾಬಿ ಬಣ್ಣದ ಬೇರು ಬಂದಿದೆ, ಮರಿ ಇಲ್ಲ. ಜೇಡ್ ಗಿಡದ ಗೆಲ್ಲು ಬುಡದಲ್ಲೇ ಮೆತ್ತಗಾಗಿ ಬಿತ್ತು. ನೀರು ಸಾಲಲಿಲ್ಲವಾ, ಬೆಳಕು ಸಾಲಲಿಲ್ಲವಾ?

ಕದ್ರಿ ತಾರಸಿ:
ನೀರು ಹೆಚ್ಚಾದದ್ದು. ಕಿತ್ತ ಎಲೆಗೆ ಬೇರಿಲ್ಲದ ಕಾರಣ ಅದಕ್ಕೆ ನೀರು ಹಾಕಿ ಪ್ರಯೋಜನವಿಲ್ಲ. ಮರಿಗೆ ಬೇಕಾದದ್ದೆಲ್ಲ ಎಲೆಯೊಳಗೇ ಉಂಟು. ಹಸಿ ಗಾಯದ ಮೇಲೆ ನೀರು ನಿಂತರೆ ಅಲ್ಲಿಂದಲೇ ಶಿಲೀಂಧ್ರ ಒಳಗೆ ಹೋಗುತ್ತದೆ. ಗಾಜಿನಂತಾದ ಎಲೆ ಮತ್ತೆ ಸರಿಯಾಗುವುದಿಲ್ಲ, ಕೂಡಲೇ ತೆಗೆದು ಬಿಸಾಡಿ.

ಕೀಳುವಾಗ ಎಲೆಯನ್ನು ಕಾಂಡದ ಹತ್ತಿರವೇ ಹಿಡಿದು ಎಡಕ್ಕೆ, ಬಲಕ್ಕೆ ಮೆಲ್ಲ ಅಲುಗಿಸಿ. ಬುಡ ಪೂರ್ತಿ ಬರಬೇಕು. ಮರಿ ಹುಟ್ಟುವ ಕೋಶಗಳು ಆ ಬುಡದ ತುದಿಯಲ್ಲೇ ಇರುವುದು. ಬುಡ ಹರಿದ ಎಲೆ ಬೇರು ಬಿಟ್ಟೀತು, ಮರಿ ಹಾಕುವುದಿಲ್ಲ. ನಿಮ್ಮ ನಾಲ್ಕು ಎಲೆಗಳ ಬುಡ ಒಮ್ಮೆ ನೋಡಿ. ಸರಿ ಇದ್ದರೆ ಆರೆಂಟು ವಾರ ಕಾಯಬಹುದು.

ಕಿತ್ತ ಎಲೆಗಳನ್ನು ಗೆರಸೆಯಲ್ಲಿ ಪೇಪರ್ ಹಾಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. 2-3 ದಿನ ಸಾಕು ಎನ್ನುವುದು ಒಣ ಹವೆಯ ಊರಿನ ಲೆಕ್ಕ. ನಮ್ಮಲ್ಲಿ 5-7 ದಿನ ಬೇಕು. ಗಾಯ ಮುಟ್ಟಿದರೆ ಒಣ ಸಿಪ್ಪೆಯ ಹಾಗೆ ಗಟ್ಟಿಯಾಗಿರಬೇಕು. ಪತ್ತನಾಜೆಯಿಂದ (ಮೇ ಕೊನೆ) ಸೋಣ ತಿಂಗಳು (ಸೆಪ್ಟೆಂಬರ್ ಮಧ್ಯ) ಮುಗಿಯುವ ತನಕ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ದೀಪಾವಳಿ ಕಳೆದ ಮೇಲೆ ಫೆಬ್ರವರಿವರೆಗೆ ಸರಿಯಾದ ಸಮಯ.

ಮಣಿಪಾಲ ಹಿತ್ತಿಲು:
ಬರೀ ಕೋಕೋಪೀಟ್ ಕರಾವಳಿಯ ಮಳೆಗಾಲಕ್ಕೆ ಹೇಳಿಸಿದ್ದಲ್ಲ, ವಾರವಾದರೂ ಒಣಗುವುದಿಲ್ಲ. ಹಳೆಯ ಮನೆ ಕೆಡವಿದ ಕಡೆ ಮಂಗಳೂರು ಹಂಚಿನ ಒಡೆದ ತುಂಡು ಧರ್ಮಕ್ಕೆ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗಲಿಕ್ಕಿಲ್ಲ. ಕುಟ್ಟಿ, ಜರಡಿ ಹಿಡಿದು, ಪುಡಿಯನ್ನು ತೊಳೆದು ತೆಗೆದು 3-6 ಮಿ.ಮೀ. ಚೂರು ಮಾತ್ರ ಇಟ್ಟುಕೊಳ್ಳಿ. ಆ ಚೂರು 3 ಪಾಲು, ದಪ್ಪ ಕಣದ ಹೊಳೆ ಹೊಯಿಗೆ (ಮರಳು) 1 ಪಾಲು, ಹಳೆಯ ಕಾಂಪೋಸ್ಟ್ 1 ಪಾಲು, ಉಮಿಕರಿ (ಸುಟ್ಟ ಭತ್ತದ ಹೊಟ್ಟು) ಅರ್ಧ ಪಾಲು. ಉಮಿಕರಿ ಕಪ್ಪಗಿರಬೇಕು, ಬಿಳಿ ಬೂದಿಯಾದದ್ದು ಬೇಡ, ಅದರಲ್ಲಿ ಕ್ಷಾರ ಜಾಸ್ತಿ. ಕಡಲ ಹೊಯಿಗೆಯಲ್ಲಿ ಉಪ್ಪು ಇರುವುದರಿಂದ ಅದೂ ಬೇಡ. ಚಟ್ಟಿಗೆ ತುಂಬಿ ಒಂದು ಲೋಟ ನೀರು ಹೊಯ್ದು ನೋಡಿ, ಹತ್ತು ಸೆಕೆಂಡಿನೊಳಗೆ ಅಡಿಯಿಂದ ಇಳಿಯಬೇಕು.

ಬೇರು ಬರುವ ತನಕ ಹನಿ ನೀರೂ ಬೇಡ ಎಂಬುದಕ್ಕೆ ನನ್ನದೂ ಒಪ್ಪಿಗೆ. ಆದರೆ ಬೇರು ಅರ್ಧ ಇಂಚು ಆದ ಮೇಲೂ ಹಾಗೇ ಬಿಟ್ಟರೆ ಡಿಸೆಂಬರಿನ ಒಣ ಗಾಳಿಗೆ ಅದರ ತುದಿ ಸಾಯುತ್ತದೆ. ಬೇರಿನ ಮೇಲೆ ಮಿಶ್ರಣ ತೆಳ್ಳಗೆ ಉದುರಿಸಿ, 4-5 ದಿನಕ್ಕೊಮ್ಮೆ ಬೇರಿನ ಹತ್ತಿರ ಮಾತ್ರ ಚಮಚದಲ್ಲಿ ನೀರು ಕೊಡಿ. ತಾಯಿ ಎಲೆ ಸುಕ್ಕಾಗಿ ತಾನಾಗಿ ಉದುರಲಿ, ಎಳೆಯಬೇಡಿ.

ಉಚ್ಚಿಲ ಚಟ್ಟಿ:
ಗಿಡದ ಆಯ್ಕೆಯನ್ನೂ ನೋಡಬೇಕು ಮಾರಾಯ್ರೆ. ಎಚೆವೇರಿಯಾ ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಪ್ರದೇಶದ್ದು. ಇಂಥ ಗಿಡಗಳು ಎಲೆರಂಧ್ರ ತೆರೆಯುವುದು ರಾತ್ರಿ, ಅದಕ್ಕೆ ತಂಪು ಬೇಕು. ನಮ್ಮ ಸೆಕೆಯ ರಾತ್ರಿಗಳಲ್ಲಿ ಅವು ಸೊರಗುತ್ತವೆ. ಕಲಿಯಲಿಕ್ಕೆ ಘೋಸ್ಟ್ ಪ್ಲಾಂಟೇ ಸಾಕು. ಹಾವರ್ಥಿಯಾ, ಲೋಳೆಸರಕ್ಕೆ ಎಲೆಯ ಗೊಡವೆ ಬೇಡ, ಬುಡದ ಮರಿಯನ್ನು ಬೇರು ಸಮೇತ ಬಿಡಿಸಿ.

ಜೇಡ್ ಗೆಲ್ಲನ್ನು ಎಸೆಯಬೇಡಿ. ಬ್ಲೇಡನ್ನು ಸ್ಪಿರಿಟಿನಲ್ಲಿ ಒರೆಸಿ, ಕೊಳೆತ ಭಾಗದ ಮೇಲಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ಒಳಗೆ ಕಂದು ಕಲೆ ಒಂದೂ ಕಾಣಬಾರದು, ಪ್ರತಿ ಸಲ ಬ್ಲೇಡ್ ಒರೆಸಬೇಕು. 3-4 ಇಂಚು ಉಳಿದರೂ ಸಾಕು. ಕೆಳಗಿನ ಎರಡು ಜೋಡಿ ಎಲೆ ತೆಗೆದು 7-10 ದಿನ ಒಣಗಿಸಿ ನೆಡಿ, ನೆಟ್ಟ ಮೇಲೂ ಒಂದು ವಾರ ನೀರು ಬೇಡ.

ಸುರತ್ಕಲ್ ಬಾಲ್ಕನಿ:
ತುಂಬಾ ಉಪಕಾರವಾಯಿತು. ನಾಲ್ಕು ಎಲೆಯಲ್ಲಿ ಮೂರರ ಬುಡ ಹರಿದಿದೆ. ಇನ್ನೊಂದು ಪ್ರಶ್ನೆ: ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಎಲೆ ತುಂಡು ಮಾಡಿ ಬೆಳೆಸಬಹುದಾ?

ಕದ್ರಿ ತಾರಸಿ:
ಬೆಳೆಯುತ್ತದೆ, ಆದರೆ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಹಳದಿ ಅಂಚು ಎರಡು ಬಗೆಯ ಕೋಶಗಳು ಜೊತೆಗೂಡಿದ್ದರಿಂದ ಬಂದದ್ದು, ಎಲೆ ತುಂಡಿನಿಂದ ಹೊಸ ಗಿಡ ಹುಟ್ಟುವಾಗ ಆ ಜೋಡಣೆ ಉಳಿಯುವುದಿಲ್ಲ. ಅಂಚು ಬೇಕಾದರೆ ಮಣ್ಣಿನಡಿಯ ಗಡ್ಡೆಯನ್ನು ಬೇರು ಮತ್ತು ಕನಿಷ್ಠ ಎರಡು ಎಲೆ ಸಮೇತ ಕತ್ತರಿಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ ಬೇರೆ ಚಟ್ಟಿಗೆ ಹಾಕಿ.